ಗುಡ್ಡಕ್ಕೆ ಹೇಳಿದ್ದು

ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಯಾರೂ ನನಗೆ ಏನೂ ಹೇಳಿರಲಿಲ್ಲ. ಹೇಳದೆ ಕೇಳದೆ ತಂದುಕೊಂಡರು ಅನ್ನುವ ಸಿಟ್ಟು ಇವತ್ತಿಗೂ ಇದೆ. ಬಂದು ವಾರವಾಗಿತ್ತೋ ಇಲ್ಲವೋ, ಅಂಗಳದಲ್ಲಿ ಒಣಗಲು ಹಾಕಿದ್ದ ಉದ್ದಿನಬೇಳೆಗೆ ಯಾರದೋ ಮೇಕೆ ಬಾಯಿ ಹಾಕಿತು. ನಮ್ಮ ತವರಿನ ಕಡೆ ಇಂಥ ಹೊತ್ತಿನಲ್ಲಿ ಹೇಗೆ ಕೂಗುತ್ತಾರೋ ಹಾಗೇ ಕೂಗಿದೆ. ಮೇಕೆಯನ್ನು ಬೈದೆ, ಮೇಕೆ ಸಾಕಿದವರನ್ನು ಬೈದೆ, ಅವರ ಹಿಂದಿನವರನ್ನೂ ಬಿಡಲಿಲ್ಲ. ತಿರುಗಿ ನೋಡಿದರೆ ಬೀದಿಗೆ ಬೀದಿಯೇ ನಿಂತುಬಿಟ್ಟಿದೆ. ಎದುರು ಮನೆಯ ದ್ಯಾಮಜ್ಜಿ ಜಾಗಟೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಿದ್ದಳು. ನಮ್ಮತ್ತೆ ಓಡಿ ಬಂದು ನನ್ನ ಬಾಯಿಗೆ ಸೆರಗು ಅಡ್ಡ ಹಿಡಿದು, "ಗುಡ್ಡಕ್ಕೆ ಕೊಟ್ಟುಬಿಟ್ಟೆಯಲ್ಲೇ ತಾಯಿ" ಅಂದರು. ಅಂದದ್ದೂ ಪಿಸುಮಾತಿನಲ್ಲೇ.

ಊರಿನ ಪಡುವಣಕ್ಕೆ ಒಂದು ಬೋಳುಗುಡ್ಡ ಇದೆ. ಗಂಟಲು ಬಿಟ್ಟು ಕೂಗಿದ ಮಾತನ್ನು ಅದು ಇಟ್ಟುಕೊಳ್ಳುತ್ತದೆ. ಇಟ್ಟುಕೊಂಡು, ಒಂದು ತಲೆಮಾರು ಕಳೆದ ಮೇಲೆ, ಎಲ್ಲಿಂದ ಕೂಗಿದ್ದೋ ಅದೇ ಅಂಗಳಕ್ಕೆ, ಅದೇ ದನಿಯಲ್ಲಿ ತಂದು ಕೊಡುತ್ತದೆ. ಮೆಲ್ಲಗೆ ಆಡಿದ್ದರ ಗೋಜಿಗೆ ಹೋಗುವುದಿಲ್ಲ, ಮನುಷ್ಯರ ದನಿ ಬಿಟ್ಟು ಬೇರೆ ಸದ್ದು ಅದಕ್ಕೆ ಬೇಕಿಲ್ಲ. ಹೀಗಾಗಿ ಇಲ್ಲಿ ತರಕಾರಿಯವನು ಕೂಗುವುದಿಲ್ಲ, ಗಂಟೆ ಅಲ್ಲಾಡಿಸುತ್ತಾನೆ. ಹೆರಿಗೆಗೆ ಹೆಂಗಸರನ್ನು ಬೇರೆ ಊರಿಗೆ ಕಳಿಸುತ್ತಾರೆ. ಗಂಡ ಹೆಂಡತಿ ಜಗಳ ಆಡುವಾಗ ಎದುರುಬದುರು ಕೂತು ಹಲ್ಲು ಕಚ್ಚಿಕೊಂಡು ಆಡುತ್ತಾರೆ, ನೋಡಿದವರು ಜಪ ಅಂದುಕೊಳ್ಳಬೇಕು. ಯಾರಾದರೂ ತೀರಿಕೊಂಡರೆ "ಗುಡ್ಡದಲ್ಲಿ ಅವನದೊಂದು ಮಾತಿಲ್ಲ" ಅನ್ನುವುದೇ ಇಲ್ಲಿ ದೊಡ್ಡ ಹೊಗಳಿಕೆ.

ಆದರೂ ಮನುಷ್ಯರಲ್ಲವೇ, ಬಾಯಿ ಜಾರುತ್ತದೆ. ಅದಕ್ಕೆ ಊರವರು ಒಂದು ಮರ್ಯಾದೆ ಇಟ್ಟುಕೊಂಡಿದ್ದಾರೆ. ಯಾವ ಮನೆಯಲ್ಲಿ ಕೂಗಾಟ ಎದ್ದರೂ, ಅಥವಾ ಯಾರ ಅಂಗಳಕ್ಕೆ ಗುಡ್ಡ ಹಳೇ ಮಾತು ತಂದರೂ, ಅಕ್ಕಪಕ್ಕದವರು ತಟ್ಟೆ, ಜಾಗಟೆ, ಕೊಳಗ ಏನು ಸಿಕ್ಕಿತೋ ಅದನ್ನು ಹಿಡಿದು ಬಡಿಯುತ್ತಾರೆ. ಮಾತು ಮುಗಿಯುವ ತನಕ ಬಡಿದು, ಒಳಗಿಟ್ಟು, ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇನ್ನೊಬ್ಬರ ಮನೆಯ ಮಾತು ಕಿವಿಗೆ ಬೀಳಬಾರದು, ಬಿದ್ದರೂ ಬಿದ್ದಿಲ್ಲ ಅನ್ನಬೇಕು. ಇದಕ್ಕೆ ಮರೆ ಬಡಿಯುವುದು ಅಂತ ಹೆಸರು. ನಮ್ಮ ಬೀದಿಯಲ್ಲಿ ದ್ಯಾಮಜ್ಜಿಯಷ್ಟು ಚೆನ್ನಾಗಿ ಮರೆ ಬಡಿಯುವವರು ಇರಲಿಲ್ಲ.

ಮೇಕೆಯ ರಾದ್ಧಾಂತ ಆದ ದಿನ ಸಂಜೆ ಪಕ್ಕದ ಮನೆಯ ವಿಶಾಲು ಒಂದು ಬಟ್ಟಲು ಉದ್ದಿನಬೇಳೆ ಹಿಡಿದುಕೊಂಡು ಬಂದಳು. ವಿಶಾಲಾಕ್ಷಿ ಅಂತ ಹೆಸರು. ನನ್ನ ವಾರಿಗೆಯವಳೇ, ಅವಳಿಗೂ ಆಗಷ್ಟೇ ಮದುವೆಯಾಗಿತ್ತು. "ತಪ್ಪಾಯ್ತು ಕೆಂಪಕ್ಕ" ಅಂದಳು.

"ಮೇಕೆ ನಿಮ್ದಾ?" ಅಂತ ಕೇಳಿದೆ.

"ಅಲ್ಲ. ಅದು ಬರೋದು ನಾನು ನೋಡಿದ್ದೆ. ಓಡಿಸಬೇಕಾಗಿತ್ತು."

ನನಗೆ ನಗು ಬಂತು. ಊರಿನವರ ಮೇಕೆಗೆಲ್ಲ ಇವಳು ತಪ್ಪು ಒಪ್ಪಿಕೊಳ್ಳುತ್ತಾಳಲ್ಲ ಅಂತ ಬಹಳ ದಿನ ಚೇಷ್ಟೆ ಮಾಡಿದೆ. ಆಮೇಲಾಮೇಲೆ ನಗು ನಿಂತಿತು. ಅವಳು ಬೆಕ್ಕಿಗೆ ಹಾಲು ಹಾಕುವುದು ತಡವಾದರೆ ಬೆಕ್ಕಿಗೂ ತಪ್ಪಾಯ್ತು ಅನ್ನುತ್ತಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಊಟ ನಿಂತುಕೊಂಡೇ ಮಾಡುವುದು, ಅದೂ ಯಾರೋ ತಟ್ಟೆ ಕಿತ್ತುಕೊಳ್ಳುತ್ತಾರೇನೋ ಅನ್ನುವ ಹಾಗೆ. ಅಂಗಳದಲ್ಲಿ ಯಾರಾದರೂ ಚಪ್ಪಲಿ ಬಿಟ್ಟ ಸದ್ದಾದರೆ ಮುಖದ ಬಣ್ಣ ಇಳಿದುಹೋಗುತ್ತಿತ್ತು. ಒಮ್ಮೊಮ್ಮೆ ಮಾತಿನ ನಡುವೆ ಕಣ್ಣು ತೆರೆದುಕೊಂಡೇ ಎಲ್ಲೋ ಹೊರಟುಹೋಗುತ್ತಿದ್ದಳು. ಕರೆದರೆ ಕೇಳಿಸುತ್ತಿರಲಿಲ್ಲ. ವಾಪಸು ಬಂದ ಮೇಲೆ ಮತ್ತೆ ಅದೇ, "ತಪ್ಪಾಯ್ತು ಕೆಂಪಕ್ಕ."

ನಾವಿಬ್ಬರೂ ಸೇರಿ ಹಪ್ಪಳ ಮಾಡಿ ಅಂಗಡಿಗೆ ಹಾಕುತ್ತಿದ್ದೆವು. ನಮ್ಮ ಮಾಳಿಗೆಯ ಮೇಲೆ ಮಧ್ಯಾಹ್ನವೆಲ್ಲ ಲಟ್ಟಿಸುತ್ತಾ ಎಷ್ಟೋ ವರ್ಷ ಕಳೆದೆವು. ಅವಳ ಗಂಡ ಮಹಾಲಿಂಗ ಪಂಪ್‌ಸೆಟ್ ರಿಪೇರಿ ಮಾಡುವವನು, ನನ್ನ ಹಾಗೆ ಹೊರಗಿನಿಂದ ಬಂದವನು, ಮಾವನ ಮನೆಗೇ ಅಳಿಯನಾಗಿ ಬಂದು ಸೇರಿಕೊಂಡಿದ್ದ. ಒಳ್ಳೆಯವನು. ಹೆಂಡತಿಯ ಹತ್ತಿರ ಹೋಗುವಾಗ ದೂರದಿಂದಲೇ ಒಂದು ಸಲ ಕೆಮ್ಮುತ್ತಿದ್ದ. ಯಾಕೆ ಹಾಗೆ ಅಂತ ಕೇಳಿದರೆ "ಬೆಚ್ಚಿಬೀಳ್ತಾಳೆ ಅಕ್ಕ, ನಂಗೆ ಕಾರಣ ಗೊತ್ತಿಲ್ಲ" ಅಂದ.

ಅವಳ ಅಪ್ಪ ಪರಮೇಶಯ್ಯನನ್ನು ನಾನು ಕಂಡದ್ದು ಅವನ ಕೊನೆಗಾಲದಲ್ಲಿ. ಧಾನ್ಯದ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಮನುಷ್ಯ. ಹೆಂಡತಿ ಸತ್ತ ಮೇಲೆ ಇನ್ನೊಂದು ಮದುವೆಯಾಗದೆ ಒಬ್ಬಳೇ ಮಗಳನ್ನು ಸಾಕಿದವನು. ದನಿ ಎಷ್ಟು ಮೆತ್ತಗೆ ಅಂದರೆ ಅವನು ಮಾತಾಡುವಾಗ ಮುಂದೆ ಬಾಗಿ ಕೇಳಬೇಕಿತ್ತು. ಅವನು ಸತ್ತಾಗ ಊರೇ ಹೆಗಲು ಕೊಟ್ಟಿತು, "ಗುಡ್ಡದಲ್ಲಿ ಅವನದೊಂದು ಮಾತಿಲ್ಲ" ಅಂತ ಎಲ್ಲರೂ ಹೇಳಿದರು. ವಿಶಾಲು ಅಳಲಿಲ್ಲ. ಅತ್ತರೆ ದನಿ ಜೋರಾದೀತು ಅಂತ ಹೆದರಿದ್ದಾಳೆ ಅಂದುಕೊಂಡೆವು.

ಹೋದ ವರ್ಷ ಒಂದು ದಿನ ಹಪ್ಪಳ ಸುಡುತ್ತಾ ಅವಳು ಎಲ್ಲೋ ಹೊರಟುಹೋದಳು. ಕೈ ಕೆಂಡದ ಮೇಲೇ ಇತ್ತು. ಅಂಗೈ ಬೊಬ್ಬೆ ಬಂದರೂ ಅವಳಿಗೆ ಗೊತ್ತಾಗಲಿಲ್ಲ. ನಾನು ಹೆದರಿ, ಅವಳ ಮಾತು ಕೇಳದೆ, ಬಸ್ಸು ಹತ್ತಿಸಿ ಆಚೆ ಊರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಅಂಗೈ ನೋಡಿದ್ದು ಕಡಿಮೆ, ಮುಖ ನೋಡಿದ್ದು ಹೆಚ್ಚು. ಮತ್ತೆ ಬಾ, ಮತ್ತೆ ಬಾ ಅಂತ ಕರೆದರು. ಮೊದಮೊದಲು ವಿಶಾಲು ಹೋಗಿ ಕೂತು ಕ್ಷಮೆ ಕೇಳಿ ಬರುತ್ತಿದ್ದಳು, ಅಷ್ಟೇ. ಒಂದು ದಿನ ಡಾಕ್ಟರಮ್ಮ ನನ್ನೆದುರೇ ಹೇಳಿದರು. "ಇದು ಹುಚ್ಚಲ್ಲಮ್ಮ, ಗಾಯ. ಒಂದು ಸಲ ಬಿದ್ದು ಆದದ್ದಲ್ಲ, ಎಳೇ ವಯಸ್ಸಿನಿಂದ ದಿನದಿನಾ ಆದದ್ದು. ವಾಸಿ ಆಗ್ತೈತೆ, ನಿಧಾನಕ್ಕೆ ಆಗ್ತೈತೆ. ಮನಸ್ಸು ಹಿಂದಕ್ಕೆ ಓಡಿದಾಗ ಕಾಲು ನೆಲಕ್ಕೆ ಊರು. ಕಣ್ಣೆದುರಿಗೆ ಏನೈತೋ ಅದರ ಹೆಸರು ಹೇಳು. ನೀನು ಇವತ್ತಿನಲ್ಲಿದ್ದೀಯ ಅಂತ ಮೈಗೆ ಗೊತ್ತಾಗಬೇಕು."

ಆ ದಿನ ವಾಪಸು ಬರುವ ಬಸ್ಸಿನಲ್ಲಿ ವಿಶಾಲು ಬಾಯಿ ಬಿಟ್ಟಳು. ಬಸ್ಸಿನ ಸದ್ದಿತ್ತು, ಗುಡ್ಡ ಇನ್ನೂ ಕಂಡಿರಲಿಲ್ಲ. ಅದಕ್ಕೇ ಧೈರ್ಯ ಬಂದಿರಬೇಕು.

"ಅಪ್ಪ ಒಂದು ದಿನಾನೂ ನನಗೆ ಹೊಡೀಲಿಲ್ಲ ಕೆಂಪಕ್ಕ. ಅದೇ ನಂಗೆ ನಾಚಿಕೆ. ಹೊಡೆದಿದ್ರೆ ಹೇಳ್ಕೋಬೋದಿತ್ತು."

ಹೊಡೆಯುವ ಬದಲು ಅವನು ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಗುಡ್ಡದ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದನಂತೆ. ಅನ್ನ ಸೀದರೆ, ಬಳಪ ಕಳೆದರೆ, ಎಷ್ಟೋ ಸಲ ಏನೂ ಆಗದಿದ್ದರೂ. ತಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ಅವಳ ಕಿವಿಯಲ್ಲಿ ಮೆಲ್ಲಗೆ ಒಂದೊಂದು ಮಾತು ಹೇಳಿಕೊಡುತ್ತಿದ್ದ. ಅವಳು ಅದನ್ನು ಗಂಟಲು ಹರಿಯುವ ಹಾಗೆ ಗುಡ್ಡಕ್ಕೆ ಕೂಗಬೇಕು. ನಾನು ಸುಳ್ಳಿ. ನಾನು ಹೊಲಸು. ನಮ್ಮಮ್ಮ ಸತ್ತಿದ್ದು ನನ್ನಿಂದ. ನಾನು ಯಾರಿಗೂ ಬೇಡ. ಸಾಲದು ಅನ್ನಿಸಿದರೆ "ಇನ್ನೊಂಚೂರು ಜೋರಾಗಿ ಕಂದ" ಅನ್ನುತ್ತಿದ್ದ. ಕಂದ ಅಂತಲೇ ಕರೆಯುತ್ತಿದ್ದನಂತೆ. "ದೊಡ್ಡೋಳಾಗಿ ಗಂಡನ ಜೊತೆ ಸುಖವಾಗಿರ್ತೀಯಲ್ಲ, ಆವಾಗ ಗುಡ್ಡ ಎಲ್ಲಾನೂ ವಾಪಸ್ ತರ್ತೈತೆ. ನೀನು ಎಂಥೋಳು ಅಂತ ಜನಕ್ಕೆ ಗೊತ್ತಾಗಲಿ" ಅಂತ ಹೇಳುತ್ತಿದ್ದನಂತೆ.

ನನಗೆ ಮೈಯೆಲ್ಲ ಉರಿಯಿತು. ಮಣ್ಣಿನಿಂದ ಎದ್ದು ಬಂದಿದ್ದರೆ ಆ ಮನುಷ್ಯನನ್ನು ಇನ್ನೊಂದು ಸಲ ಹೂಳುತ್ತಿದ್ದೆ. "ನೀನ್ಯಾಕೆ ನಾಚ್ಕೋಬೇಕು?" ಅಂದೆ.

"ದನಿ ನಂದೇ ಅಲ್ವಾ" ಅಂದಳು. "ಅಪ್ಪಂದು ಒಂದು ಮಾತೂ ಗುಡ್ಡದಲ್ಲಿಲ್ಲ. ಎಲ್ಲಾ ನನ್ನ ಬಾಯಿಂದಲೇ ಬರ್ತೈತೆ. ಕೇಳಿದೋರು ಏನಂತಾರೆ? ಇವರೇನಂತಾರೆ?" ಇವರು ಅಂದರೆ ಮಹಾಲಿಂಗ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು, ಟ್ರಂಕು ತುಂಬಿಟ್ಟಿದ್ದೇನೆ ಅಂದಳು. ಲೆಕ್ಕದ ಪ್ರಕಾರ ಈ ಮಾಗಿಗೆ ಗುಡ್ಡ ಶುರುಮಾಡುತ್ತದೆ, ಅಷ್ಟರೊಳಗೆ ಹೊರಟುಬಿಡುತ್ತೇನೆ. ಎಲ್ಲಿಗೆ ಅಂದರೆ ಗೊತ್ತಿಲ್ಲ ಅಂದಳು. ಎಲ್ಲಿಗೆ ಅಂತ ಗೊತ್ತಿಲ್ಲದವರು ಎಲ್ಲಿಗೆ ಹೋಗುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಅವತ್ತಿನಿಂದ ಅವಳನ್ನು ಒಬ್ಬಳೇ ಬಿಡುವುದನ್ನು ನಿಲ್ಲಿಸಿದೆ.

ಗಂಡನಿಗೆ ಹೇಳು ಅಂದರೆ ಹೇಳಲಿಲ್ಲ. ನಾನು ಹೇಳಲಾ ಅಂದರೆ ಕಾಲು ಹಿಡಿದುಕೊಂಡಳು. ಕೊನೆಗೆ ಒಂದಕ್ಕೆ ಒಪ್ಪಿದಳು. ದ್ಯಾಮಜ್ಜಿಯ ಹತ್ತಿರ ಹೋಗಿ, ನಮ್ಮ ಮನೆಗೆ ಮರೆ ಸ್ವಲ್ಪ ಗಟ್ಟಿಯಾಗಿ ಬಡಿಯಿರಿ ಅಂತ ಕೇಳಿಕೊಳ್ಳುವುದು. ಆಮೇಲೆ ಬೇಕಾದರೆ ಇಲ್ಲೇ ಇರುತ್ತೇನೆ ಅಂದಳು. ಇಷ್ಟಾದರೂ ಆಯಿತಲ್ಲ ಅಂತ ಕರೆದುಕೊಂಡು ಹೋದೆ.

ದ್ಯಾಮಜ್ಜಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದಳು. ವಿಶಾಲು ಅರ್ಧ ಹೇಳುವಷ್ಟರಲ್ಲೇ ಅಜ್ಜಿ ಅವಳ ಕೈ ಹಿಡಿದುಕೊಂಡಳು. "ಅದನ್ನ ನೀನು ಹೇಳ್ಬೇಕಾ ಮಗಳೇ? ಒಂದಕ್ಷರ ಆಚೆ ಬೀಳಾಕ ಬಿಡಲ್ಲ. ಆವಾಗ್ಲೂ ಬಿಡಲಿಲ್ಲ. ನೀನು ಹಿತ್ತಿಲಲ್ಲಿ ಕೂಗ್ತಿದ್ದಾಗೆಲ್ಲ ಕೆಲಸ ಬಿಟ್ಟು ಬಡಿದಿದ್ದೀನಿ. ತಾಯಿಲ್ಲದ ಕೂಸು, ಏನೋ ಹಟ ಮಾಡ್ತೈತೆ, ಮಾನ ಉಳೀಲಿ ಅಂತ."

"ಹೂಂ. ಕೇಳಿಸ್ತಿತ್ತು" ಅಂದಳು ವಿಶಾಲು. ನೆಲ ನೋಡುತ್ತಾ ಹೇಳಿದಳು. "ನೀವು ಬಡಿದಾಗೆಲ್ಲ ಅಪ್ಪ ಅನ್ನೋರು, ಜಾಗಟೆಗಿಂತ ಜೋರಾಗಿ ಕೂಗು ಕಂದ, ಗುಡ್ಡಕ್ಕೆ ಕೇಳಿಸ್ತಿಲ್ಲ ಅಂತ. ಗಂಟಲಲ್ಲಿ ರಕ್ತ ಬರೋದು." ಹೇಳಿದ ಮರುಕ್ಷಣವೇ ಎದ್ದು ನಿಂತಳು. "ತಪ್ಪಾಯ್ತು ಅಜ್ಜಿ. ಹೇಳಬಾರದಾಗಿತ್ತು. ನೀವು ಒಳ್ಳೇದಕ್ಕೇ ಮಾಡಿದ್ರಿ."

ದ್ಯಾಮಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು. ಕುಟ್ಟಾಣಿ ಕೈಯಲ್ಲೇ ಇತ್ತು. ನಾವು ಬೀದಿ ದಾಟಿ ನಮ್ಮ ಬಾಗಿಲಿಗೆ ಬಂದು ತಿರುಗಿ ನೋಡಿದರೂ ಹಾಗೇ ಕೂತಿದ್ದಳು. ಅವತ್ತಿನಿಂದ ಅವಳು ಬೀದಿಯಲ್ಲಿ ನಮ್ಮ ಕಣ್ಣಿಗೆ ಕಣ್ಣು ಕೊಡುವುದನ್ನು ಬಿಟ್ಟಳು. ನನಗೂ ಅವಳ ಮೇಲೆ ಕೋಪ ಬಂದು, ಆಮೇಲೆ ಕೋಪ ಮಾಡಿಕೊಳ್ಳಲೂ ಆಗದೆ ಸಂಕಟವಾಯಿತು.

ಮಾಗಿ ಬಂತು. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಹಪ್ಪಳ ಹರವುತ್ತಿದ್ದೆವು. ವಿಶಾಲು ಥಟ್ಟನೆ ಕೈ ನಿಲ್ಲಿಸಿದಳು. ನನಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು, ಅವಳ ಹಿತ್ತಿಲ ಕಡೆಯಿಂದ, ತೆಳ್ಳಗೆ ಒಂದು ಕೂಗು. ಮಾತು ತಿಳಿಯುವ ಮುಂಚೆಯೇ ಬೀದಿ ಎದ್ದಿತು. ಮೂಲೆಮನೆಯವರು ಕೊಳಗ ಬಡಿದರು, ಅಂಗಡಿಯವನು ತಗಡಿನ ಡಬ್ಬ ಬಡಿದ. ಎಲ್ಲರೂ ಬಂದರು, ಎಲ್ಲರೂ ಬಡಿದರು. ಊರಿನ ಮರ್ಯಾದೆಗೆ ಏನೂ ಕೊರತೆ ಇರಲಿಲ್ಲ.

ವಿಶಾಲು ಕೂತಲ್ಲೇ ಕಲ್ಲಾಗಿದ್ದಳು. ಕೂಗುವಾಗ ಬಾಯಿ ಹೇಗೆ ತೆರೆಯಬೇಕೋ ಹಾಗೆ ತೆರೆದಿತ್ತು, ದನಿ ಮಾತ್ರ ಇರಲಿಲ್ಲ. ಅವಳು ಇಲ್ಲಿಲ್ಲ, ಅಲ್ಲಿ ಹೋಗಿ ನಿಂತಿದ್ದಾಳೆ ಅಂತ ಗೊತ್ತಾಯಿತು. ನಾನು ಅವಳ ಎರಡು ಪಾದ ಹಿಡಿದು ಮಾಳಿಗೆಯ ನೆಲಕ್ಕೆ ಒತ್ತಿದೆ. "ಏನೈತೆ ಹೇಳು. ಎದುರಿಗೆ ಏನೈತೆ?" ಅಂದೆ. ಬಹಳ ಹೊತ್ತು ಬೇಕಾಯಿತು. "ಮಣೆ" ಅಂದಳು. "ಲಟ್ಟಣಿಗೆ. ಹಪ್ಪಳ." ಉಸಿರು ಎಳೆದುಕೊಂಡಳು. "ಕೆಂಪಕ್ಕನ ಮೂಗುತಿ. ಅಂಗೈ. ಸುಟ್ಟ ಕಲೆ." ಆಮೇಲೆ ತಲೆ ಎತ್ತಿ ಬೀದಿಯ ಕಡೆ ಕಿವಿಗೊಟ್ಟು, "ಬಡೀತಿದ್ದಾರೆ" ಅಂದಳು. "ಬಡಿದ್ರೆ ಅವಳು ಇನ್ನೂ ಜೋರಾಗಿ ಕೂಗಬೇಕಾಗ್ತೈತೆ."

ಎದ್ದು ಮೆಟ್ಟಿಲಿಳಿದಳು. ಟ್ರಂಕಿಗೆ ಹೋಗುತ್ತಾಳೆ ಅಂತ ನಾನು ಹಿಂದೆಯೇ ಓಡಿದೆ. ಅವಳು ಮನೆಯ ಕಡೆ ತಿರುಗಲಿಲ್ಲ. ಮಹಾಲಿಂಗ ಊಟಕ್ಕೆ ಬಂದವನು ಸೈಕಲ್ ಹಿಡಿದು ಬೀದಿಯಲ್ಲಿ ನಿಂತಿದ್ದ, ಅವನನ್ನೂ ದಾಟಿದಳು. ದ್ಯಾಮಜ್ಜಿ ಹೊಸ್ತಿಲಲ್ಲಿದ್ದಳು, ಒಂದು ಕೈಯಲ್ಲಿ ಜಾಗಟೆ, ಒಂದು ಕೈಯಲ್ಲಿ ಕೋಲು. ಕೋಲು ಎತ್ತಿದ್ದಳು, ಹೊಡೆಯಲಾಗದೆ ಹಾಗೇ ನಿಂತಿದ್ದಳು. ವಿಶಾಲು ಹೋಗಿ ಜಾಗಟೆಯ ಮೇಲೆ ಅಂಗೈ ಇಟ್ಟಳು. ಅಲ್ಲಿಂದ ಅಂಗಡಿಯವನ ಡಬ್ಬದ ಮೇಲೆ ಇಟ್ಟಳು. ಮೂಲೆಮನೆಯವರ ಕೊಳಗದ ಮೇಲೆ ಇಟ್ಟು, "ಸಾಕು. ಬ್ಯಾಡ" ಅಂದಳು. ಈ ಊರಿನಲ್ಲಿ ಯಾರೂ ಯಾರಿಗೂ ಹಾಗೆ ಅಂದಿರಲಿಲ್ಲ. ಜನ ಗಾಬರಿಯಾಗಿ ಒಬ್ಬೊಬ್ಬರೇ ನಿಲ್ಲಿಸಿದರು.

ಸದ್ದು ಅಡಗಿದ ಮೇಲೆ ಕೇಳಿಸಿತು. ಮುಂದಿನ ಹಲ್ಲು ಬಿದ್ದ ಮಗುವಿನ ದನಿ. ನಾನು ಥುಳ್ಳಿ, ಅಂತ ಕೂಗಿತು. ಆಮೇಲೆ ಸುಮ್ಮನಾಯಿತು. ಆಮೇಲೆ ಅದೇ ಮಾತು ಇನ್ನೂ ಜೋರಾಗಿ. ಮತ್ತೆ ಸುಮ್ಮನೆ. ನಮ್ಮಮ್ಮ ಥತ್ತಿದ್ದು ನನ್ನಿಂದ, ಅಂತ ಕೂಗಿ, ಬಿಕ್ಕಿ, ಮತ್ತೆ ಸುಮ್ಮನೆ. ಆ ಸುಮ್ಮನೆಯಲ್ಲಿ ಯಾರ ದನಿಯೂ ಇರಲಿಲ್ಲ. ಆದರೆ ಅದು ಯಾರು ಮಾತಾಡುತ್ತಿದ್ದ ಜಾಗ ಅನ್ನುವುದು ಬೀದಿಯಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ಅವನಿಗೆ ಹೆಗಲು ಕೊಟ್ಟವರು ಅಲ್ಲೇ ಇದ್ದರು. ಒಬ್ಬರೂ ತಲೆ ಎತ್ತಲಿಲ್ಲ.

ಮಹಾಲಿಂಗ ಮಾತ್ರ ಕೇಳಿದ. "ಯಾರ ಮಗು ಅದು? ಪಕ್ಕದಲ್ಲಿ ಯಾರೋ ಹೇಳಿಕೊಡ್ತಾ ಇದ್ದಾರಲ್ಲ. ಇಷ್ಟು ಸಣ್ಣ ಮಗೂಗೆ."

"ನಾನು ಕಣ್ರೀ" ಅಂದಳು ವಿಶಾಲು.

ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಕೈ ಬಿಟ್ಟ, ಅದು ಬಿತ್ತು. ಆ ಸದ್ದಿಗೂ ಅವಳು ಬೆಚ್ಚಲಿಲ್ಲ. ಕೆಮ್ಮದೆ ಬಂದು ಪಕ್ಕದಲ್ಲಿ ನಿಂತ. ಅವಳು ಅವನ ಕಡೆ ನೋಡಲಿಲ್ಲ, ದ್ಯಾಮಜ್ಜಿಯನ್ನು ನೋಡುತ್ತಿದ್ದಳು. "ನಾನು ಇಷ್ಟು ಸಣ್ಣೋಳಿದ್ನಾ ಅಜ್ಜಿ?" ಅಂತ ಕೇಳಿದಳು. "ನಂಗೆ ಈಗಿನ ನನ್ನ ದನೀಲೇ ಬರ್ತೈತೆ ಅನ್ನಿಸಿತ್ತು. ಯಾವಾಗ್ಲೂ ಇದೇ ದನೀಲೇ ಕೇಳಿಸ್ತಿತ್ತು ತಲೇಲಿ."

ದ್ಯಾಮಜ್ಜಿ ಜಾಗಟೆ ಕೆಳಗಿಟ್ಟು ತನ್ನ ಸೊಂಟದ ಹತ್ತಿರ ಅಂಗೈ ಹಿಡಿದು ತೋರಿಸಿದಳು. "ಇಷ್ಟೇ ಇದ್ದೆ" ಅಂದಳು. ತೋರಿಸಿದ ಕೈಯನ್ನು ಇಳಿಸಲಾಗದೆ ಹಾಗೇ ಹಿಡಿದುಕೊಂಡು ಅಳತೊಡಗಿದಳು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಗುಡ್ಡದಿಂದ ಕೊನೆಯ ಮಾತು ಬಂತು. ನಾನು ಯಾರಿಗೂ ಬ್ಯಾಡ. ಸುಮ್ಮನಾಯಿತು. ಮತ್ತೆ, ಗಂಟಲು ಒಡೆದ ಹಾಗೆ, ನಾನು ಯಾರಿಗೂ ಬ್ಯಾಡ.

ವಿಶಾಲು ತನ್ನ ಮನೆಯ ಕಡೆ ನಡೆದಳು, ಒಳಗೆ ಹೋದಳು, ಹಿತ್ತಿಲ ಬಾಗಿಲು ತೆಗೆದ ಸದ್ದಾಯಿತು. ನಾನೂ ಮಹಾಲಿಂಗನೂ ಹಿಂದೆ ಹೋದೆವು. ಅವಳು ಗುಡ್ಡಕ್ಕೆ ಮುಖ ಮಾಡಿ, ಅಪ್ಪ ಎಲ್ಲಿ ನಿಲ್ಲಿಸುತ್ತಿದ್ದನೋ ಅಲ್ಲೇ ನಿಂತಿದ್ದಳು. ಪಾದ ಎರಡೂ ನೆಲಕ್ಕೆ ಊರಿದ್ದವು. ಇಷ್ಟು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಮೊದಲ ಸಲ ಬರೀ ಗಾಳಿ ಬಂತು. ಕೆಮ್ಮಿ, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ನಂಗೆ ಬೇಕು. ನೀನು ನಂಗೆ ಬೇಕು."

ಬೀದಿಯಲ್ಲಿ ಒಂದು ತಟ್ಟೆಯೂ ಸದ್ದು ಮಾಡಲಿಲ್ಲ. ಗುಡ್ಡವೂ ಸುಮ್ಮನಿತ್ತು, ಅದು ಯಾವತ್ತೂ ಕೂಡಲೇ ಉತ್ತರ ಕೊಡುವುದಿಲ್ಲ.

ಇದರಿಂದ ಅವಳು ಪೂರ್ತಿ ವಾಸಿಯಾದಳು ಅಂತ ಹೇಳಲಾರೆ. ಹಳೇ ಮಾತುಗಳು ಇನ್ನೂ ಎಷ್ಟೋ ವರ್ಷ ಬರುವುದಿವೆ, ಡಾಕ್ಟರಮ್ಮನ ಹತ್ತಿರ ಇನ್ನೂ ಹೋಗುತ್ತೇವೆ, ಬೆಕ್ಕಿಗೆ ಇನ್ನೂ ತಪ್ಪಾಯ್ತು ಅನ್ನುತ್ತಾಳೆ. ಗುಡ್ಡ ಶುರುಮಾಡಿದಾಗೆಲ್ಲ ದ್ಯಾಮಜ್ಜಿ ಕೆಲಸ ಬಿಟ್ಟು ಬರಿಗೈಯಲ್ಲಿ ಬಂದು ಹಿತ್ತಿಲಲ್ಲಿ ಅವಳ ಪಕ್ಕ ಕೂತುಕೊಂಡು ಕೊನೆಯವರೆಗೆ ಕೇಳಿಸಿಕೊಂಡು ಹೋಗುತ್ತಾಳೆ.

ಆದರೆ ಆ ಮಧ್ಯಾಹ್ನ ಕೂಗಿ ಮುಗಿಸಿದವಳು ನಮ್ಮ ಕಡೆ ತಿರುಗಿದಾಗ ಗಂಟಲು ಕಟ್ಟಿಹೋಗಿತ್ತು. "ಗುಡ್ಡ ಇದನ್ನೂ ಇಟ್ಕೊಂಡಿರ್ತೈತಾ ಕೆಂಪಕ್ಕ?" ಅಂತ ಕೇಳಿದಳು.

"ನಾನು ಮೇಕೆಗೆ ಬೈದಿದ್ದನ್ನೇ ಇಟ್ಕೊಂಡೈತೆ, ಇದನ್ನ ಬಿಡ್ತೈತಾ" ಅಂದೆ. "ನೀನು ಮುದುಕಿ ಆದಾಗ ತಂದು ಕೊಡ್ತೈತೆ."

"ಹಂಗಾದ್ರೆ ಕೇಳಿಸ್ಕೊಳ್ಳೋಕೆ ನಾನು ಇಲ್ಲೇ ಇರ್ಬೇಕಲ್ಲ" ಅಂದಳು. ಆಮೇಲೆ ಒಳಗೆ ಹೋಗಿ, ಮಂಚದ ಕೆಳಗಿಂದ ಟ್ರಂಕು ಎಳೆದು, ಸೀರೆಗಳನ್ನು ಒಂದೊಂದಾಗಿ ತೆಗೆದು ಗಂಡನ ಕೈಗೆ ಕೊಡತೊಡಗಿದಳು. ಅವನು ಅವನ್ನು ಗೂಟಕ್ಕೆ ಹಾಕಿದ.